ನಾಯಿಯ ಚಿಗಟಕ್ಕೆ ಯಾವ ಮದ್ದು?

ಮುಂಗಾರು ಮಳೆ ಹಿಡಿಯಿತೆಂದರೆ, ಲಕ್ಷ್ಮೇಶ್ವರದ ನನ್ನ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರು ತಮ್ಮ ಕಾಯಿಲೆಯ ಮಾತು ಮುಗಿಸಿ, ಹೊರಡುವ ಮುನ್ನ ಮತ್ತೊಂದು ಪ್ರಶ್ನೆ ಕೇಳುತ್ತಾರೆ: “ನಾಯಿಗೆ ಚಿಗಟ ಭಾಳ ಆಗ್ಯಾವ್ರಿ, ಬೇವಿನ ಎಣ್ಣಿ ಹಚ್ಚಿದ್ರ ಸಾಕೇನ್ರಿ?” ಆಯುರ್ವೇದ ವೈದ್ಯನಿಂದ ‘ಸಾಕು’ ಎಂಬ ಉತ್ತರವನ್ನೇ ಅವರು ನಿರೀಕ್ಷಿಸುತ್ತಾರೆ. ಸಾಲದು ಎಂಬುದು ನನ್ನ ಅಭಿಪ್ರಾಯ.

ಹಲವು ವರ್ಷಗಳ ಹಿಂದೆ ನಾನೂ ‘ಸಾಕು’ ಎಂದಿದ್ದೆ. ಎಣ್ಣೆ ಹಚ್ಚಿದ ಮೇಲೆ ಆ ಮನೆಯ ಎಳೆಯ ಮರಿಗೆ ಒಂದೆರಡು ದಿನ ಹಿತವೆನಿಸಿತು. ಬಳಿಕ ಚಿಗಟಗಳು ಮೊದಲಿಗಿಂತ ಹೆಚ್ಚಿದವು. ರಕ್ತಹೀನತೆಯಿಂದ ಅದರ ವಸಡು ಬಿಳಿಚಿಕೊಂಡಿತು. ಪಶುವೈದ್ಯರ ಬಳಿಗೆ ಒಯ್ಯುವಷ್ಟರಲ್ಲಿ ಕಾಲ ಮೀರಿತ್ತು. ಮನೆಯವರು ನನ್ನನ್ನು ದೂರಲಿಲ್ಲ. ಆದರೆ ಆ ವಿಳಂಬಕ್ಕೆ ನನ್ನ ಮಾತೇ ಕಾರಣವೆಂಬುದನ್ನು ನಾನು ಮರೆತಿಲ್ಲ.

ಬೇವಿಗೆ ಕೀಟಗಳನ್ನು ದೂರವಿಡುವ ಗುಣವಿದೆ, ನಿಜ. ಆದರೆ ಅದರ ಪ್ರಭಾವ ಅಲ್ಪಕಾಲದ್ದು. ನಾಯಿಯ ಮೈಮೇಲೆ ಕಾಣುವ ಚಿಗಟಗಳು ಒಟ್ಟು ಸಂತತಿಯಲ್ಲಿ ಸುಮಾರು 5 ಭಾಗ ಮಾತ್ರ. ಉಳಿದ 95 ಭಾಗ ತತ್ತಿ, ಮರಿಹುಳು, ಕೋಶಗಳ ರೂಪದಲ್ಲಿ ಗೋಣಿಚೀಲ, ನೆಲದ ಬಿರುಕು, ಹಾಸಿಗೆಗಳಲ್ಲಿ ಅಡಗಿರುತ್ತದೆ. ಕೋಶದೊಳಗಿನ ಕೀಟ ತಿಂಗಳುಗಟ್ಟಲೆ ಕಾಯಬಲ್ಲದು. ಆದುದರಿಂದ ದೀರ್ಘಕಾಲ ಕೆಲಸ ಮಾಡುವ ಮದ್ದು, ಮನೆಯ ಶುಚಿತ್ವ ಎರಡೂ ಕೂಡಿಯೇ ನಡೆಯಬೇಕು.

ಇದಕ್ಕಿಂತ ಘೋರವಾದ ತಪ್ಪು, ಹತ್ತಿ, ಮೆಣಸಿನಕಾಯಿ ಬೆಳೆಗೆ ತಂದ ಕೀಟನಾಶಕವನ್ನು ನಾಯಿಗೆ ಬಳಿಯುವುದು. ನಾಯಿ ತನ್ನ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗಿಳಿಯುತ್ತದೆ. ಅದನ್ನು ಅಪ್ಪಿಕೊಳ್ಳುವ ಮಕ್ಕಳಿಗೂ ಅಪಾಯ. ಕರ್ಪೂರವೂ ನಾಯಿಗೆ ವಿಷವೇ. ಯುಕ್ತಿಯಿಂದ ಬಳಸಿದರೆ ವಿಷವೂ ಔಷಧ, ಯುಕ್ತಿಗೆಟ್ಟು ಬಳಸಿದರೆ ಔಷಧವೂ ವಿಷ ಎಂಬುದು ಚರಕ ಸಂಹಿತೆಯ ಅಭಿಪ್ರಾಯ. ಮನುಷ್ಯನಿಗೆ ಒಗ್ಗಿದ್ದೆಲ್ಲ ನಾಯಿಗೆ ಒಗ್ಗದು.

ಹಾಗಾದರೆ ಆಯ್ಕೆ ಹೇಗೆ? ನಾಯಿಯ ವಯಸ್ಸು, ತೂಕ ತಿಳಿಸಿ ಪಶುವೈದ್ಯರಿಂದ ಬರೆಸಿಕೊಳ್ಳಿರಿ. ಫಿಪ್ರೋನಿಲ್‌ನಂಥ ಹನಿಮದ್ದನ್ನು ನಾಲಿಗೆ ತಾಗದ ಹೆಗಲ ನಡುವೆ, ಕೂದಲು ಸರಿಸಿ ಚರ್ಮಕ್ಕೆ ಹಾಕಬೇಕು. ಹಾಕುವ ಹಿಂದಿನ ಮತ್ತು ಮುಂದಿನ 2 ದಿನ ಸ್ನಾನ ಬೇಡ. ನುಂಗಿಸುವ ಗುಳಿಗೆಗಳೂ ಇವೆ. ನಾಯಿಗೆ ಹಿಂದೆ ಅಪಸ್ಮಾರ ಬಂದಿದ್ದರೆ ಅದನ್ನು ಮೊದಲೇ ಹೇಳಬೇಕು. ಪರ್ಮೆಥ್ರಿನ್ ಇರುವ ನಾಯಿಮದ್ದು ಬೆಕ್ಕಿಗೆ ಪ್ರಾಣಾಂತಕ. ಮನೆಯ ನಾಯಿ, ಬೆಕ್ಕುಗಳೆಲ್ಲಕ್ಕೂ, ಆಯಾ ಪ್ರಾಣಿಗೆ ಹೇಳಿದ ಮದ್ದಿನಿಂದ, ಒಟ್ಟಿಗೆ ಚಿಕಿತ್ಸೆಯಾಗಲಿ. ವಾರಕ್ಕೊಮ್ಮೆ ಹಾಸನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಮೂಲೆ ಮೂಲೆ ಗುಡಿಸಿರಿ. ಚಿಗಟ ಅಕಸ್ಮಾತ್ ಮಕ್ಕಳ ಹೊಟ್ಟೆ ಸೇರಿದರೆ ಲಾಡಿಹುಳು ಅಂಟಬಹುದೆಂಬುದೂ ನೆನಪಿರಲಿ.

ನಾವು ‘ದನದ ದವಾಖಾನೆ’ ಎನ್ನುವ ಸರಕಾರಿ ಪಶು ಆಸ್ಪತ್ರೆ ನಾಯಿಗೂ ಸೇರಿದ್ದೇ. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಉಳಿದ ರೊಟ್ಟಿ ಹಾಕಿದೊಡನೆ ದಯೆ ಮುಗಿಯುವುದಿಲ್ಲ. ಬಾಗಿಲು ಕಾಯುವ ಮೂಕಜೀವದ ನೋವಿಗೆ ಸರಿಯಾದ ವೈದ್ಯರನ್ನು ಹುಡುಕುವುದೂ ದಯೆಯೇ. ನನ್ನನ್ನು ಕೇಳಿದರೆ, ನಾನು ಈಗ ಅವರತ್ತಲೇ ಕೈ ತೋರಿಸುತ್ತೇನೆ.