ಕಂಪ್ಯೂಟರಿಗೆ ಹತ್ತರಲ್ಲೊಂದು ಏಕೆ ಒಗ್ಗದು?

ಪ್ರೋಗ್ರಾಂ ಬರೆಯಲು ಕಲಿಯುವ ವಿದ್ಯಾರ್ಥಿಯನ್ನು ಒಂದಲ್ಲ ಒಂದು ದಿನ ಈ ಸಂದೇಹ ಕಾಡುತ್ತದೆ. 0.1ಕ್ಕೆ 0.2 ಕೂಡಿಸಿ, ಮೊತ್ತವು 0.3ಕ್ಕೆ ಸಮವೇ ಎಂದು ಪೈಥಾನ್ ಭಾಷೆಯಲ್ಲಿ ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಮೊತ್ತವೆಷ್ಟು ಎಂದರೆ ಪರದೆಯ ಮೇಲೆ ಮೂಡುವುದು 0.30000000000000004. ಶಾಲೆಯ ಮಗು ಬಾಯಲ್ಲೇ ಮಾಡುವ ಲೆಕ್ಕ ಕಂಪ್ಯೂಟರಿಗೆ ತಪ್ಪಿತೇ? ಯಂತ್ರ ಕೆಟ್ಟಿದೆಯೇ?

ಯಂತ್ರ ಕೆಟ್ಟಿಲ್ಲ. ಕಾರಣವಿರುವುದು ಅದು ಸಂಖ್ಯೆಗಳನ್ನು ಬರೆದಿಡುವ ಕ್ರಮದಲ್ಲಿ. ದಿನಬಳಕೆಯ ಲೆಕ್ಕವೆಲ್ಲ ದಶಮಾನ ಪದ್ಧತಿಯದು. ಅದರಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ 0.3333... ಎಂದು ಮುಗಿಯದೇ ಸಾಗುತ್ತದೆ. ಏಕೆಂದರೆ ಹತ್ತರ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. ಛೇದದಲ್ಲಿ ಬೇರೆ ಅವಿಭಾಜ್ಯ ಸಂಖ್ಯೆ ಉಳಿದರೆ ದಶಮಾಂಶ ಕೊನೆಗೊಳ್ಳುವುದಿಲ್ಲ. ಕಂಪ್ಯೂಟರಿನದಾದರೋ 0 ಮತ್ತು 1 ಎರಡೇ ಅಂಕಿಗಳ ದ್ವಿಮಾನ ಪದ್ಧತಿ. ಅಲ್ಲಿ ಅರ್ಧ, ಕಾಲು, ಅರೆಕಾಲುಗಳನ್ನು ನಿಖರವಾಗಿ ಬರೆಯಬಹುದು. ಹತ್ತರಲ್ಲೊಂದನ್ನು ಬರೆಯಹೊರಟರೆ ಮಾತ್ರ 0.000110011001100... ಎಂದು ಅದೇ ಅಂಕಿಗಳು ಮರುಕಳಿಸುತ್ತಲೇ ಇರುತ್ತವೆ. ಕಂಪ್ಯೂಟರಿನಲ್ಲಿ ಒಂದು ಸಂಖ್ಯೆಗೆ ಮೀಸಲಾದ ಜಾಗ ಮಿತವಾದದ್ದು. ಆದ್ದರಿಂದ ಬಾಲವನ್ನು ಎಲ್ಲಾದರೂ ಕತ್ತರಿಸಲೇಬೇಕು. ಉಳಿದದ್ದು ಹತ್ತರಲ್ಲೊಂದಕ್ಕೆ ಬಹಳ ಹತ್ತಿರದ ಸಂಖ್ಯೆ, ಹತ್ತರಲ್ಲೊಂದೇ ಅಲ್ಲ.

ಇಷ್ಟು ಚಿಕ್ಕ ವ್ಯತ್ಯಾಸದಿಂದ ಆಗುವುದೇನು ಎನ್ನಬಹುದು. 1991ರ ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾವಲಿಗಿತ್ತು. ಅದರ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಅದನ್ನು ಸೆಕೆಂಡಿಗೆ ಪರಿವರ್ತಿಸುವಾಗ ಬಳಸುತ್ತಿದ್ದದ್ದು 24 ಬಿಟ್‌ಗಳಿಗೆ ಕತ್ತರಿಸಿದ 0.1. ಸುಮಾರು 100 ಗಂಟೆ ಎಡೆಬಿಡದೆ ನಡೆದಾಗ ತಪ್ಪು ಬೆಳೆದು ಸುಮಾರು 0.34 ಸೆಕೆಂಡ್ ಆಗಿತ್ತು. ಸ್ಕಡ್ ಕ್ಷಿಪಣಿ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಬಲ್ಲದು. ಫೆಬ್ರವರಿ 25ರಂದು ಬಂದ ಸ್ಕಡ್ಡನ್ನು ವ್ಯವಸ್ಥೆ ಆಕಾಶದ ತಪ್ಪು ಜಾಗದಲ್ಲಿ ಹುಡುಕಿತು. ಸೈನಿಕರ ವಸತಿಯ ಮೇಲೆ ಅದು ಬಿದ್ದು 28 ಮಂದಿ ಸತ್ತರು. ತಿದ್ದಿದ ತಂತ್ರಾಂಶ ದಹ್ರಾನ್ ತಲುಪಿದ್ದು ಮರುದಿನ.

ಹಾಗಾದರೆ ಪ್ರೋಗ್ರಾಂ ಬರೆಯುವವರು ಏನು ಮಾಡಬೇಕು?

ದಶಮಾಂಶ ಸಂಖ್ಯೆಗಳೆರಡು ಸಮವೇ ಎಂದು ನೇರವಾಗಿ ಕೇಳಬಾರದು. ಅವುಗಳ ವ್ಯತ್ಯಾಸ ಲೆಕ್ಕಕ್ಕೆ ತಕ್ಕ ಒಂದು ಸಣ್ಣ ಮಿತಿಯೊಳಗಿದೆಯೇ ಎಂದು ನೋಡಬೇಕು.

ಹಣದ ಲೆಕ್ಕವನ್ನು ಪೈಸೆಗಳಲ್ಲಿ, ಪೂರ್ಣಾಂಕವಾಗಿ ಇಡುವುದು ಕ್ಷೇಮ. 19 ರೂಪಾಯಿ 90 ಪೈಸೆಯನ್ನು 1990 ಎಂದು ಬರೆದಿಟ್ಟು, ರಸೀದಿ ಮುದ್ರಿಸುವಾಗ ಮಾತ್ರ ರೂಪಾಯಿಗೆ ತಿರುಗಿಸಿದರಾಯಿತು. ಪೈಥಾನಿನ ‘ಡೆಸಿಮಲ್’, ಜಾವಾದ ‘ಬಿಗ್‌ಡೆಸಿಮಲ್’ ಕೂಡ ಇದಕ್ಕೆ ಒದಗುತ್ತವೆ.

ಸೊನ್ನೆಯಿಂದ ಹೊರಟು 0.1ನ್ನು ಕೂಡಿಸುತ್ತಾ ‘1 ಆದಾಗ ನಿಲ್ಲು’ ಎಂದು ಬರೆದರೆ ಪ್ರೋಗ್ರಾಂ ನಿಲ್ಲದಿರಬಹುದು. ಹತ್ತು ಸಲ ಕೂಡಿಸಿದಾಗ ಸಿಗುವುದು 0.9999999999999999! ಎಣಿಕೆಯನ್ನು 1ರಿಂದ 10ರವರೆಗೆ ಪೂರ್ಣಾಂಕದಲ್ಲಿ ನಡೆಸಿ, ಪ್ರತಿ ಹೆಜ್ಜೆಯಲ್ಲೂ ಹತ್ತರಿಂದ ಭಾಗಿಸಿಕೊಂಡರೆ ಈ ತೊಂದರೆಯಿಲ್ಲ.

ಇದನ್ನು ಮನಗಾಣಲು ಕಂಪ್ಯೂಟರೇ ಬೇಕೆಂದಿಲ್ಲ. ತಂದೆ ತಾಯಿಯರು ಮಕ್ಕಳೊಡನೆ ಕುಳಿತು ಕಾಗದ, ಪೆನ್ಸಿಲ್ ಹಿಡಿದರೂ ಸಾಕು. 0.1ನ್ನು ಎರಡರಿಂದ ಗುಣಿಸಿ, ಬಿಂದುವಿನ ಎಡಗಡೆಯ ಅಂಕಿಯನ್ನು ಬರೆದುಕೊಳ್ಳಿ. ಉಳಿದ ಭಾಗವನ್ನು ಮತ್ತೆ ಎರಡರಿಂದ ಗುಣಿಸಿ. 0.2, 0.4, 0.8, 1.6, 1.2 ಆದ ಮೇಲೆ ಉಳಿಯುವುದು ಪುನಃ 0.2. ಅಲ್ಲಿಂದ ಮುಂದೆ ಹಳೆಯ ಅಂಕಿಗಳೇ ತಿರುತಿರುಗಿ ಬರುವುದನ್ನು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.