ನಮ್ಮ ಮನೆಯಲ್ಲಿ ಊಟಕ್ಕೇನು ಕೊರತೆ?



ಮಠದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನನ್ನು "ನೀನು ಉಳ್ಳವನೋ, ಇಲ್ಲದವನೋ" ಎಂದು ಯಾರೂ ಕೇಳುವುದಿಲ್ಲ. ನಾನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿದ್ದಾಗ ನನ್ನ ಎಡಕ್ಕೆ ಸಾಹುಕಾರರ ಮಗನೂ ಬಲಕ್ಕೆ ಜೀತದಾಳಿನ ಮಗನೂ ಕುಳಿತು ಒಂದೇ ಸಾರು, ಒಂದೇ ಮುದ್ದೆಯನ್ನು ಉಂಡದ್ದುಂಟು. ದಾಸೋಹವೆಂದರೆ ಅದೇ. ನೀಡುವವನಿಗೆ ಅಹಂಕಾರವಿರಬಾರದು, ಉಣ್ಣುವವನಿಗೆ ಸಂಕೋಚವಿರಬಾರದು. ಈ ಮಾತಿನ ಮೊದಲರ್ಧವನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಎರಡನೆಯ ಅರ್ಧವನ್ನು ಮರೆತಿದ್ದೇವೆಂದು ನನಗೆ ಈಚೆಗೆ ಮನವರಿಕೆಯಾಯಿತು. ಅದರಲ್ಲಿ ನನ್ನ ತಪ್ಪೂ ಇರುವುದರಿಂದ ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಇಂದಿರಾನಗರದಲ್ಲಿ ನಾನು ಆಗಾಗ ಶಿವಪೂಜೆಗೆಂದು ಹೋಗುವ ಸದ್ಭಕ್ತರ ಮನೆಯೊಂದಿದೆ. ತಂದೆ ಇಂಜಿನಿಯರು, ತಾಯಿ ಬ್ಯಾಂಕಿನ ನೌಕರಿಯಲ್ಲಿರುವವರು, ಮನೆಯ ಯಜಮಾನಿಕೆ ಅಜ್ಜಿಯದು. ಹದಿನಾಲ್ಕು ವರ್ಷದ ಮೊಮ್ಮಗಳು ಅನುದಾನಿತ ಶಾಲೆಯೊಂದರಲ್ಲಿ ಓದುತ್ತಾಳೆ. ಎರಡು ವರ್ಷದ ಹಿಂದೆ ಆ ಹುಡುಗಿ ಶಾಲೆಯಲ್ಲಿ ಕೊಟ್ಟ ನೀಲಿ ಬಣ್ಣದ ಮಾತ್ರೆಯೊಂದನ್ನು ನುಂಗದೆ ಮನೆಗೆ ತಂದಿದ್ದಳು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಮುಂದೆ ಹಿಡಿದರು.

"ಶಾಸ್ತ್ರಿಗಳೇ, ಸರ್ಕಾರದವರು ಇದನ್ನು ಹೆಣ್ಣುಮಕ್ಕಳಿಗೆ ನುಂಗಿಸ್ತಾರಂತೆ. ಮುಂದೆ ಮಕ್ಕಳಾಗದ ಹಾಗೆ ಮಾಡ್ತದೆ ಅಂತ ಪಕ್ಕದ ಮನೆಯವರು ಹೇಳಿದ್ರು. ಕೊಡಬಹುದಾ?"

ನನಗೆ ಆ ಮಾತ್ರೆಯ ವಿಷಯ ಏನೂ ತಿಳಿದಿರಲಿಲ್ಲ. ತಿಳಿಯದೆಂದು ಹೇಳುವ ಬದಲು, "ನಿಮ್ಮ ಮನೆಯಲ್ಲಿ ಹಾಲು ತುಪ್ಪಕ್ಕೆ ಏನು ಕೊರತೆ ತಾಯೀ? ಬಡ ಮಕ್ಕಳಿಗೆಂದು ಕೊಡುವುದು ನಮಗೇಕೆ? ಬೇಡ" ಎಂದುಬಿಟ್ಟೆ. ಹಿರಿಯರೊಬ್ಬರು ಹೇಳಿದರೆಂದು ಮನೆಯವರು ಅದನ್ನೇ ನಡೆಸಿದರು. ತಾಯಿ ಶಾಲೆಗೆ ಚೀಟಿ ಬರೆದುಕೊಟ್ಟರು. ಹುಡುಗಿಗೆ ಮಾತ್ರೆ ತಪ್ಪಿತು.

ಕಳೆದ ವರ್ಷ ಶ್ರಾವಣ ಸೋಮವಾರ ಆ ಹುಡುಗಿ ಹಲಸೂರಿನ ಸೋಮೇಶ್ವರ ದೇವಸ್ಥಾನದ ಪ್ರಾಂಗಣದಲ್ಲಿ ತಲೆಸುತ್ತಿ ಬಿದ್ದಳು. ಉಪವಾಸದ ಆಯಾಸವೆಂದು ಎಲ್ಲರೂ ಭಾವಿಸಿದೆವು. ವಿಚಾರಿಸಿದಾಗ, ಆಕೆಗೆ ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತೆಂದೂ, ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲವೆಂದೂ, ಸೋಮಾರಿಯೆಂದು ಮನೆಯವರೇ ಬೈಯುತ್ತಿದ್ದರೆಂದೂ ತಿಳಿಯಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಗ್ರಾಂ ಎಂದು ಬಂತು. ಆ ವಯಸ್ಸಿನ ಹೆಣ್ಣುಮಗುವಿಗೆ ಅದು 12 ಗ್ರಾಂಗಿಂತ ಕಡಿಮೆಯಿರಬಾರದು.

ಅದೇ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಹಲಸೂರಿನವಳು. ಆಕೆಯ ಮಗಳೂ ಇದೇ ವಯಸ್ಸಿನವಳು, ಸರ್ಕಾರಿ ಶಾಲೆಯಲ್ಲಿ ಓದುವವಳು. ಮನೆಯವರೆಲ್ಲ ಚಿಂತೆಯಲ್ಲಿ ಕುಳಿತಿದ್ದಾಗ ಆಕೆ ಬಾಗಿಲ ಬಳಿ ನಿಂತು, "ಅಮ್ಮಾ, ನಮ್ಮ ಹುಡುಗೀಗೆ ವಾರಕ್ಕೊಂದು ನೀಲಿ ಮಾತ್ರೆ ಮಿಸ್ಸು ಎದುರಿಗೇ ನುಂಗಿಸ್ತಾರೆ. ಚೆನ್ನಾಗವ್ಳೆ. ನಮ್ಮ ಪಾಪುಗೆ ಯಾಕೆ ಕೊಡ್ಲಿಲ್ಲ?" ಎಂದು ಕೇಳಿದಳು. ಅಜ್ಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ವೈದ್ಯರು ನನಗೆ ತಿಳಿಸಿಕೊಟ್ಟದ್ದನ್ನು ನಿಮಗೂ ತಿಳಿಸುವುದು ನನ್ನ ಪ್ರಾಯಶ್ಚಿತ್ತ. ಆ ನೀಲಿ ಮಾತ್ರೆಯಲ್ಲಿರುವುದು ಎರಡೇ ವಸ್ತು, ಕಬ್ಬಿಣದ ಅಂಶ 60 ಮಿಲಿಗ್ರಾಂ ಮತ್ತು ಫೋಲಿಕ್ ಆಮ್ಲ. ಹತ್ತರಿಂದ ಹತ್ತೊಂಬತ್ತು ವರ್ಷದ ಮಕ್ಕಳಿಗೆ, ಹುಡುಗರಿಗೂ ಹುಡುಗಿಯರಿಗೂ, ವಾರಕ್ಕೊಂದರಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಊಟವಾದ ಮೇಲೆ ಕೊಡುತ್ತಾರೆ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಅಂಗನವಾಡಿಯಲ್ಲಿ ದೊರೆಯುತ್ತದೆ. ಸಂತಾನಕ್ಕೆ ಅದರಿಂದ ಯಾವ ಬಾಧಕವೂ ಇಲ್ಲ. ರಕ್ತಹೀನತೆಯಿಂದ ಬೆಳೆದ ಹುಡುಗಿಗೇ ಮುಂದೆ ಹೆರಿಗೆಯಲ್ಲಿ ಅಪಾಯ ಹೆಚ್ಚು, ಹುಟ್ಟುವ ಕೂಸಿನ ತೂಕವೂ ಕಡಿಮೆಯಾಗಬಹುದು. ಯಾವುದನ್ನು ಕಾಯಬೇಕೆಂದು ನಾವು ಮಾತ್ರೆಯನ್ನು ತಡೆದೆವೋ ಅದಕ್ಕೇ ಕುತ್ತು ತಂದಿದ್ದೆವು.

"ಮನೆಯಲ್ಲಿ ಊಟಕ್ಕೆ ಕೊರತೆಯಿಲ್ಲವಲ್ಲ ಡಾಕ್ಟರೇ" ಎಂದು ನಾನು ಕೇಳಿದೆ. ಅವರ ಉತ್ತರ ನನ್ನ ಕಣ್ಣು ತೆರೆಸಿತು. ಹೊಟ್ಟೆ ತುಂಬುವುದು ಬೇರೆ, ರಕ್ತ ತುಂಬುವುದು ಬೇರೆ. ಆ ವಯಸ್ಸಿನಲ್ಲಿ ದೇಹ ಬೇಗ ಬೆಳೆಯುತ್ತದೆ, ಹೆಣ್ಣುಮಕ್ಕಳಿಗೆ ತಿಂಗಳು ತಿಂಗಳು ರಕ್ತ ನಷ್ಟವಾಗುತ್ತದೆ. ನಮ್ಮ ಸಸ್ಯಾಹಾರದಲ್ಲಿ ಕಬ್ಬಿಣವಿದ್ದರೂ ಅದು ದೇಹಕ್ಕೆ ಹತ್ತುವುದು ಕಡಿಮೆ. ಅನ್ನ, ಮೊಸರು, ಬಿಸ್ಕತ್ತುಗಳಲ್ಲೇ ದಿನ ಕಳೆಯುವ ಮಗುವಿಗೆ ಅದೂ ಇಲ್ಲ. ಊಟದ ಜೊತೆಗೋ ಊಟವಾದೊಡನೆಯೋ ಕುಡಿಯುವ ಕಾಫಿ, ಚಹಾ ಇದ್ದಷ್ಟನ್ನೂ ಹತ್ತಗೊಡುವುದಿಲ್ಲ. ಸೊಪ್ಪು, ಕಾಳುಗಳ ಮೇಲೆ ನಿಂಬೆಹಣ್ಣು ಹಿಂಡಿ ಕೊಟ್ಟರೆ ಹೆಚ್ಚು ಹತ್ತುತ್ತದೆ. ಹೊಟ್ಟೆಯಲ್ಲಿ ಜಂತುಹುಳುವಿದ್ದರೆ ಉಂಡದ್ದು ಅದರ ಪಾಲಾಗುತ್ತದೆ. ಅದಕ್ಕಾಗಿಯೇ 2015ರಿಂದ ಫೆಬ್ರವರಿ 10ನ್ನು ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಆಚರಿಸಿ ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಕೊಡುತ್ತಾರೆ.

ಇದು ಒಂದು ಮನೆಯ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31 ಮಂದಿಗೆ ಇದೆ. ನೂರರಲ್ಲಿ ಐವತ್ತೊಂಬತ್ತೆಂದ ಮೇಲೆ ಅದು ಗುಡಿಸಲಿಗೆ ಮಾತ್ರ ಸೇರಿದ ಕಾಯಿಲೆಯೆಂದು ತಿಳಿಯುವುದು ಭ್ರಮೆ. ಬಂಗಲೆಯಲ್ಲಿ ಅದನ್ನು ಅಳೆಯುವವರಿಲ್ಲ, ಅಷ್ಟೇ ವ್ಯತ್ಯಾಸ.

"ಸರ್ಕಾರದ್ದು" ಎಂದೊಡನೆ "ಅದು ಬಡವರಿಗೆ" ಎನ್ನುವ ಭಾವ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಯಾವಾಗ ಬೇರೂರಿತೋ ಕಾಣೆ. ಯೋಜನೆಗಳ ಮೂಲದಲ್ಲಿ ಆ ಭೇದವಿಲ್ಲ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಅದರ ಮೊದಲ ಅಂಗಳವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಬೆಳೆದದ್ದೇ ಇಂದಿನ ಅಂಗನವಾಡಿ. ಆರು ವರ್ಷದೊಳಗಿನ ಪ್ರತಿಯೊಂದು ಮಗುವಿಗೂ, ಗರ್ಭಿಣಿಯರಿಗೂ, ಬಾಣಂತಿಯರಿಗೂ ಅದರ ಸೇವೆ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಆದೇಶಿಸಿತು. ಇಂಥ ಜಾತಿಗೆ, ಇಂಥ ಆದಾಯಕ್ಕೆ ಎಂಬ ಮಾತು ಅದರಲ್ಲಿಲ್ಲ.

ಶಿವಾಜಿನಗರದ ಓಣಿಯ ಅಂಗನವಾಡಿಯೊಂದಕ್ಕೆ ನಾನೊಮ್ಮೆ ಹೋಗಿದ್ದೆ. ತಮಿಳು, ಉರ್ದು, ಕನ್ನಡ ಮೂರೂ ಮಾತಾಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತಿದ್ದರು. ಕಾರ್ಯಕರ್ತೆ ಒಂದೊಂದೇ ಮಗುವನ್ನು ತಕ್ಕಡಿಯಲ್ಲಿಟ್ಟು ತೂಕವನ್ನು ಬರೆದುಕೊಳ್ಳುತ್ತಿದ್ದಳು. ಎರಡು ತಿಂಗಳು ತೂಕ ಏರದಿದ್ದರೆ ತಾಯಿಯನ್ನು ಕರೆಸಿ ಕೇಳುತ್ತಾಳೆ, ಬೇಕಾದರೆ ಆಸ್ಪತ್ರೆಗೆ ಕಳಿಸುತ್ತಾಳೆ. ಆಗ ನನ್ನ ಮನಸ್ಸಿಗೆ ಬಂದದ್ದು ಕೃಷ್ಣರಾಜಪುರದ ಎತ್ತರದ ಅಪಾರ್ಟ್‌ಮೆಂಟುಗಳು. ಬೀದರ, ವಿಜಯಪುರ, ಹಾವೇರಿಗಳಿಂದ ಉದ್ಯೋಗಕ್ಕೆಂದು ಬಂದ ನಮ್ಮ ಎಷ್ಟೋ ಕುಟುಂಬಗಳು ಅಲ್ಲಿವೆ. ಗಂಡಹೆಂಡಿರಿಬ್ಬರೂ ದುಡಿಯುತ್ತಾರೆ. ಅಜ್ಜಿ ಊರಲ್ಲಿ, ಮಗು ಆಯಾಳ ಕೈಯಲ್ಲಿ. ಕೂಸು ಸರಿಯಾಗಿ ಉಂಡಿತೇ, ತೂಕ ಏರಿತೇ ಎಂದು ತಿಂಗಳಿಗೊಮ್ಮೆ ಕೇಳುವ ಒಂದು ಜೀವವೂ ಅಲ್ಲಿರುವುದಿಲ್ಲ. ಆ ಅಂಗನವಾಡಿಯ ಮಗುವಿಗಿರುವ ಭಾಗ್ಯ ಈ ಮಗುವಿಗೆ ಇಲ್ಲವೆಂದರೆ ಬಡವರಾರು?

ಶಾಲೆಯ ತಟ್ಟೆಯ ವಿಷಯಕ್ಕೆ ಬರೋಣ. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಆರಂಭವಾದಾಗ ಅದಕ್ಕೆ ಇಟ್ಟ ಹೆಸರು 'ಅಕ್ಷರ ದಾಸೋಹ'. ನಮ್ಮ ಶರಣರ ಪದವನ್ನು ಸರ್ಕಾರ ತನ್ನ ಯೋಜನೆಯ ಹಣೆಯ ಮೇಲೆ ಬರೆದುಕೊಂಡಿತು. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು. 2024ರಲ್ಲಿ ಆ ಹಾಲಿನ ಜೊತೆಗೆ ರಾಗಿ ಮಾಲ್ಟ್ ಸೇರಿತು. ರಾಗಿ ನಮ್ಮ ಅಜ್ಜಂದಿರ ಅನ್ನವೇ ಅಲ್ಲವೇ? ಬಿಟ್ಟದ್ದು ನಾವು, ನೆನೆದದ್ದು ಶಾಲೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದಾಗ ನಮ್ಮ ಕೆಲವು ಪೂಜ್ಯರು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ನಾನು ಹುಟ್ಟಿನಿಂದ ಸಸ್ಯಾಹಾರಿ, ಸಾಯುವವರೆಗೂ ಹಾಗೆಯೇ ಇರುವವನು. ಮೊಟ್ಟೆ ತಿನ್ನದ ಮಗುವಿಗೆ ಅಲ್ಲಿ ಬಾಳೆಹಣ್ಣು ಕೊಡುತ್ತಾರೆ. ನಮ್ಮ ಮಗು ಬಾಳೆಹಣ್ಣು ತಿನ್ನಲಿ, ಅದು ನಮ್ಮ ಆಚಾರ. ಆದರೆ ಪಕ್ಕದಲ್ಲಿ ಕುಳಿತ ಮಗು ಯಾವುದನ್ನು ತಿಂದು ಬೆಳೆಯುವುದೋ ಅದನ್ನು ಅದರ ತಟ್ಟೆಯಿಂದ ತೆಗೆಯಿರಿ ಎನ್ನುವ ಮಾತು ನನ್ನ ನಾಲಗೆಗೆ ಬಾರದು. ಮಠದ ಪಂಕ್ತಿಯಲ್ಲಿ ಪಕ್ಕದವನ ಎಲೆಗೆ ಕೈ ಹಾಕುವುದನ್ನು ಯಾವ ಗುರುವೂ ನನಗೆ ಕಲಿಸಲಿಲ್ಲ. ಹಿರಿಯರು ಇದನ್ನು ಒಪ್ಪದಿದ್ದರೆ ನನ್ನನ್ನು ಕ್ಷಮಿಸಬೇಕು.

ಹದಿಹರೆಯದ ಮಕ್ಕಳಿಗೆ ಅನ್ನದ ಜೊತೆಗೆ ಮನಸ್ಸಿನ ಆರೈಕೆಯೂ ಬೇಕು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 10ರಿಂದ 19 ವರ್ಷದವರ ದೇಹ, ಮನಸ್ಸು, ದುಶ್ಚಟ, ಮುಟ್ಟಿನ ತೊಂದರೆ ಮೊದಲಾದ ಎಲ್ಲವನ್ನೂ ಒಟ್ಟಾಗಿ ನೋಡುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಇರುವ ಕೇಂದ್ರಕ್ಕೆ 'ಸ್ನೇಹ ಕ್ಲಿನಿಕ್' ಎಂದು ಹೆಸರು. ಪರೀಕ್ಷೆಯ ಭಯ, ನಿದ್ರೆಯಿಲ್ಲದಿರುವುದು, ಬದುಕೇ ಬೇಡವೆನ್ನಿಸುವುದು, ಇಂಥ ಸಂಕಟದಲ್ಲಿ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲುರಾತ್ರಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ, ಶುಲ್ಕವಿಲ್ಲ. 'ಟೆಲಿ ಮನಸ್' ಎಂಬ ಈ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. ದೇಶಕ್ಕೆಲ್ಲ ಅದರ ಮಾರ್ಗದರ್ಶನ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಹಾಯವಾಣಿಯಿದೆ. "ಜನ ಏನೆಂದಾರು" ಎಂದು ಮಗನ ಮೌನವನ್ನು ಮುಚ್ಚಿಡುವ ತಂದೆತಾಯಿಗಳು ಈ ಎರಡು ಸಂಖ್ಯೆಗಳನ್ನು ದೇವರ ಕೋಣೆಯ ಬಾಗಿಲಿಗೆ ಬರೆದಂಟಿಸಿದರೂ ಒಳ್ಳೆಯದೇ.

ಸರ್ಕಾರದ ಯೋಜನೆಗಳಲ್ಲಿ ಲೋಪವೇ ಇಲ್ಲವೆಂದು ನಾನು ಹೇಳುವುದಿಲ್ಲ. ಮಾತ್ರೆ ಬಾರದ ವಾರಗಳಿರುತ್ತವೆ, ಮಳೆಗೆ ಸೋರುವ ಅಂಗನವಾಡಿಗಳಿರುತ್ತವೆ. ಆದರೆ ವಿದ್ಯಾವಂತರ ಮಕ್ಕಳು ಎಲ್ಲಿಗೆ ಹೋಗುವುದಿಲ್ಲವೋ ಅಲ್ಲಿಯ ಸೋರುವ ಸೂರನ್ನು ಯಾರು ಕೇಳುತ್ತಾರೆ? ನಾವು ತೆರಿಗೆ ಕೊಟ್ಟು ನಡೆಸುವ ದಾಸೋಹದಲ್ಲಿ ನಾವೇ ಪಂಕ್ತಿ ಬಿಟ್ಟು ಎದ್ದರೆ ಅಡುಗೆಯ ರುಚಿ ನೋಡುವವರು ಉಳಿಯುವುದಿಲ್ಲ.

ಆದ್ದರಿಂದ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಬೀದಿಯ ಅಂಗನವಾಡಿ ಎಲ್ಲಿದೆಯೆಂದು ಈ ವಾರವೇ ವಿಚಾರಿಸಿ. ಮಗುವಿನ ತೂಕ ಹಾಕಿಸಿ. ಶಾಲೆಯಲ್ಲಿ ನೀಲಿ ಮಾತ್ರೆ ಕೊಟ್ಟರೆ ಊಟವಾದ ಮೇಲೆ ನುಂಗಲು ಹೇಳಿ. ಮಲ ಕಪ್ಪಾದರೆ ಹೆದರಬೇಡಿ, ಅದು ಕಬ್ಬಿಣದ ಗುಣ. ಮಗು ಖಾಸಗಿ ಶಾಲೆಯಲ್ಲಿದ್ದರೆ ಹತ್ತಿರದ ನಮ್ಮ ಕ್ಲಿನಿಕ್ಕಿಗೋ, ಬೌರಿಂಗ್, ಘೋಷಾ, ಸರ್ ಸಿ.ವಿ. ರಾಮನ್ ಆಸ್ಪತ್ರೆಗಳಿಗೋ, ಕೃಷ್ಣರಾಜಪುರದ ಸಾರ್ವಜನಿಕ ಆಸ್ಪತ್ರೆಗೋ ಕರೆದೊಯ್ದು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಔಷಧದ ವಿಷಯದಲ್ಲಿ ನನ್ನಂಥ ಶಾಸ್ತ್ರಿಗಳನ್ನು ಕೇಳಬೇಡಿ, ವೈದ್ಯರನ್ನು ಕೇಳಿ.

ಆ ಹುಡುಗಿಗೆ ವೈದ್ಯರು ದಿನವೂ ಮಾತ್ರೆ ಕೊಟ್ಟು ಚಿಕಿತ್ಸೆ ಮಾಡಿದರು. ಮೂರು ತಿಂಗಳಲ್ಲಿ 11.8ಕ್ಕೆ ಏರಿತು. ಇನ್ನೂ ಕೆಲವು ತಿಂಗಳು ನಿಲ್ಲಿಸಬಾರದೆಂದು ಹೇಳಿದ್ದಾರೆ. ಮೊನ್ನೆ ಹೋದಾಗ ಆಕೆ ಮಹಡಿಯಿಂದ ಓಡಿ ಇಳಿದು ಬಂದು, "ತಾತ, ಈಗ ನಾನು ಸೋಮಾರಿ ಅಲ್ಲ" ಎಂದಳು. ಅಡುಗೆಮನೆಯಲ್ಲಿ ಅಜ್ಜಿ ಕೆಲಸದಾಕೆಯ ಮಗಳಿಗೂ ಮೊಮ್ಮಗಳಿಗೂ ಒಂದೇ ಅಳತೆಯ ಎರಡು ಲೋಟಗಳಲ್ಲಿ ರಾಗಿ ಅಂಬಲಿ ಹೊಯ್ಯುತ್ತಿದ್ದರು. ನನಗೊಂದು ಲೋಟ ಕೇಳಿ ಪಡೆದು, ಆ ಮಕ್ಕಳ ಪಕ್ಕದಲ್ಲೇ ಕುಳಿತು ಕುಡಿದೆ.