ಬಾಯಿಬೀಗದ ಎಂಟು ವರ್ಷ

1797ರ ಜನವರಿಯಲ್ಲಿ ನಾಲ್ವರು ಕಪ್ಪು ಜನ ಅಮೆರಿಕದ ಸಂಸತ್ತಿಗೆ ಒಂದು ಅರ್ಜಿ ಸಲ್ಲಿಸಿದರು. ಜೂಪಿಟರ್ ನಿಕೋಲ್ಸನ್, ಜೇಕಬ್ ನಿಕೋಲ್ಸನ್, ಜೋಬ್ ಆಲ್ಬರ್ಟ್, ಥಾಮಸ್ ಪ್ರಿಚೆಟ್. ಉತ್ತರ ಕೆರೊಲಿನಾದಲ್ಲಿ ಒಡೆಯರೇ ಇವರನ್ನು ಬಿಡುಗಡೆ ಮಾಡಿದ್ದರು. ಆ ರಾಜ್ಯದ ಕಾನೂನು ಮಾತ್ರ ಅಂಥ ಬಿಡುಗಡೆಯನ್ನು ಒಪ್ಪುತ್ತಿರಲಿಲ್ಲ. ಬಿಡುಗಡೆಯಾದವರನ್ನು ಹಿಡಿದು ಮತ್ತೆ ಮಾರಲು ಅಲ್ಲಿ ಅವಕಾಶವಿತ್ತು. ಆಯುಧ ಹಿಡಿದವರು ನಾಯಿಗಳ ಸಮೇತ ಬೆನ್ನುಹತ್ತಿದಾಗ ಇವರು ಮನೆಮಂದಿಯನ್ನು ಬಿಟ್ಟು ಓಡಿ ಬಂದು ಫಿಲಡೆಲ್ಫಿಯಾ ಸೇರಿದರು. ಆಗ ದೇಶದ ರಾಜಧಾನಿ ಅದೇ. ನಮಗಾದದ್ದನ್ನು ಕೇಳಿ, ಏನಾದರೂ ದಾರಿ ತೋರಿಸಿ ಎಂಬುದಷ್ಟೇ ಅವರ ಮೊರೆ. ಕಾನೂನಿನ ಪ್ರಕಾರ ಇವರು ಈಗಲೂ ಗುಲಾಮರೇ, ಇವರ ಮಾತಿಗೆ ಕಿವಿಗೊಡಬೇಕಾಗಿಲ್ಲ ಎಂದು ಉತ್ತರ ಕೆರೊಲಿನಾದ ಸದಸ್ಯರೊಬ್ಬರು ವಾದಿಸಿದರು. ಅರ್ಜಿಯನ್ನು ಸ್ವೀಕರಿಸಬೇಕೇ ಬೇಡವೇ ಎಂಬುದೇ ಮತಕ್ಕೆ ಬಿತ್ತು. ಬೇಡ ಎಂದವರು 50 ಜನ, ಬೇಕು ಎಂದವರು 33.

ಅಮೆರಿಕದ ಗುಲಾಮಗಿರಿಯ ಬಗ್ಗೆ ಕನ್ನಡದಲ್ಲಿ ನಾವು ಓದಿಕೊಂಡಿರುವುದು ಹೆಚ್ಚಾಗಿ ಅಂತರ್ಯುದ್ಧದ ಕಾಲದ್ದು. ಲಿಂಕನ್ ನಮಗೆ ಶಾಲೆಯಿಂದಲೇ ಪರಿಚಯ. ಆದರೆ 1776ರ ಸ್ವಾತಂತ್ರ್ಯ ಘೋಷಣೆಗೂ 1861ರ ಯುದ್ಧಕ್ಕೂ ನಡುವೆ 85 ವರ್ಷಗಳಿವೆ. ಆ ಕಾಲದಲ್ಲಿ ಮತದಾನದ ಹಕ್ಕಿಲ್ಲದ, ಅಧಿಕಾರವಿಲ್ಲದ, ಪತ್ರಿಕೆಗಳಲ್ಲಿ ಹೆಸರಿಲ್ಲದ ಸಾವಿರಾರು ಜನ ಏನು ಮಾಡಿದರು ಎಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಸಂಚಿಕೆಯ ಕೆಲವು ಪುಟಗಳನ್ನು ಆ ನಡುಗಾಲಕ್ಕೆ ಮೀಸಲಿಟ್ಟಿದ್ದೇವೆ. ಅದರಲ್ಲೊಂದು ಪ್ರಸಂಗವನ್ನು ಇಲ್ಲಿಯೇ ಹೇಳಬೇಕು ಅನ್ನಿಸುತ್ತದೆ. ಗುಲಾಮಗಿರಿಯ ಬಗ್ಗೆ ಯಾರು ಏನೇ ಬರೆದು ಕಳಿಸಿದರೂ ನೋಡುವುದಿಲ್ಲ ಎಂದು ಅಮೆರಿಕದ ಪ್ರತಿನಿಧಿ ಸಭೆ 1836ರಿಂದ 1844ರವರೆಗೆ ತನಗೆ ತಾನೇ ಕಟ್ಟು ಹಾಕಿಕೊಂಡ ಪ್ರಸಂಗ ಅದು.

ಅರ್ಜಿಗಳ ಚರಿತ್ರೆ ಆ ಗಣರಾಜ್ಯದಷ್ಟೇ ಹಳೆಯದು. ಹೊಸ ಸರ್ಕಾರ ಕಣ್ಣುಬಿಟ್ಟು ವರ್ಷ ತುಂಬುವ ಮೊದಲೇ, 1790ರ ಫೆಬ್ರವರಿಯಲ್ಲಿ, ಕ್ವೇಕರ್ ಪಂಥದವರ ಅರ್ಜಿಗಳು ಬಂದವು. ಅವುಗಳ ಹಿಂದೆಯೇ ಬೆಂಜಮಿನ್ ಫ್ರ್ಯಾಂಕ್ಲಿನ್ ಸಹಿ ಹಾಕಿದ ಅರ್ಜಿಯೂ ಬಂತು. ಫ್ರ್ಯಾಂಕ್ಲಿನ್ ಅದೇ ಏಪ್ರಿಲ್‌ನಲ್ಲಿ ತೀರಿಕೊಂಡರು. ರಾಜ್ಯಗಳೊಳಗಿನ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರ ನಮಗಿಲ್ಲ ಎಂದು ಸಭೆ ಕೈತೊಳೆದುಕೊಂಡಿತು. 1800ರ ಜನವರಿಯಲ್ಲಿ ಫಿಲಡೆಲ್ಫಿಯಾದ ಪಾದ್ರಿ ಅಬ್ಸಲೋಮ್ ಜೋನ್ಸ್ ಮತ್ತು ಅವರ ಸಂಗಡಿಗರಾದ ಸ್ವತಂತ್ರ ಕಪ್ಪು ಜನರ ಅರ್ಜಿ ಬಂದಾಗ, ಇಂಥ ಬೇಡಿಕೆಗಳಿಗೆ ಉತ್ತೇಜನ ಕೊಡಬಾರದು ಎಂಬ ನಿರ್ಣಯ 85 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದದ್ದು ಒಂದೇ ಒಂದು ಮತ. ಅದನ್ನು ಹಾಕಿದವರು ಜಾರ್ಜ್ ಥ್ಯಾಚರ್. ಆ ಹೆಸರನ್ನು ಇವತ್ತು ಯಾರೂ ನೆನೆಯುವುದಿಲ್ಲ. ನೆನೆಯಬೇಕು.

ಅಷ್ಟರಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರ ಬಂದು ದಕ್ಷಿಣದ ಹೊಲಗಳ ಲೆಕ್ಕಾಚಾರವೇ ಬದಲಾಗಿತ್ತು. 1790ರ ಜನಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1830ಕ್ಕೆ 20 ಲಕ್ಷ ದಾಟಿತು. ಗುಲಾಮಗಿರಿ ತಾನಾಗಿ ಸಾಯುತ್ತದೆ ಎಂದು ಹೇಳಿಕೊಂಡು ಬಂದ ದೇಶದ ಸ್ಥಾಪಕರ ಮಾತು ಸುಳ್ಳಾಯಿತು. ಸಂವಿಧಾನದಲ್ಲೇ ಇನ್ನೊಂದು ಏರ್ಪಾಡಿತ್ತು. ಪ್ರತಿನಿಧಿ ಸಭೆಯ ಸ್ಥಾನ ಹಂಚುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸಬೇಕು. ಮತವಿಲ್ಲದ, ಮಾತಿಲ್ಲದ ಜನರ ತಲೆ ಎಣಿಸಿ ಅವರ ಒಡೆಯರಿಗೆ ಹೆಚ್ಚು ಸ್ಥಾನ ಕೊಡುವ ಲೆಕ್ಕ ಇದು. ಮುಂದೆ ಆ ಸಭೆ ಮಾಡಿದ ಪ್ರತಿಯೊಂದು ನಿರ್ಣಯವನ್ನೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

1833ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಗುಲಾಮಗಿರಿ ವಿರೋಧಿ ಸಂಘ ಹುಟ್ಟಿತು. ಸಂಘ 1835ರಲ್ಲಿ ದಕ್ಷಿಣಕ್ಕೆ ಅಂಚೆಯಲ್ಲಿ ಕಳಿಸಿದ ಕರಪತ್ರಗಳನ್ನು ಚಾರ್ಲ್ಸ್‌ಟನ್ ನಗರದಲ್ಲಿ ಗುಂಪೊಂದು ಅಂಚೆ ಕಚೇರಿಯಿಂದ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಸುಟ್ಟಿತು. ಅಂಚೆಯ ದಾರಿ ಮುಚ್ಚಿದ ಮೇಲೆ ಉಳಿದದ್ದು ಅರ್ಜಿಯ ದಾರಿ. ಸಂಘದವರು ಆರಿಸಿಕೊಂಡ ಗುರಿ ಬಹಳ ಜಾಣತನದ್ದು. ರಾಜ್ಯಗಳ ವಿಷಯ ನಮಗೆ ಸೇರಿದ್ದಲ್ಲ ಎಂದು ಸಂಸತ್ತು ಹೇಳಬಹುದು. ಆದರೆ ಅಷ್ಟರಲ್ಲಿ ರಾಜಧಾನಿಯಾಗಿದ್ದ ವಾಷಿಂಗ್ಟನ್ ಯಾವ ರಾಜ್ಯಕ್ಕೂ ಸೇರಿದ್ದಲ್ಲ, ಅಲ್ಲಿ ಕಾನೂನು ಮಾಡುವುದು ಸಂಸತ್ತೇ. ಆ ರಾಜಧಾನಿಯಲ್ಲೇ ಗುಲಾಮರನ್ನು ಮಾರಾಟಕ್ಕೆ ಕೂಡಿಹಾಕುವ ದೊಡ್ಡಿಗಳಿದ್ದವು. ಸರಪಳಿ ಬಿಗಿದ ಗುಂಪುಗಳನ್ನು ಹಾಡಹಗಲೇ ನಡೆಸಿಕೊಂಡು ಹೋಗುತ್ತಿದ್ದರು. ನಿಮ್ಮ ಅಂಗಳದಲ್ಲಿ ನಡೆಯುವುದನ್ನಾದರೂ ನಿಲ್ಲಿಸಿ ಎಂಬ ಅರ್ಜಿಗೆ ಉತ್ತರ ಕೊಡುವುದು ಸಭೆಗೆ ಕಷ್ಟವಾಯಿತು.

ಈ ಅರ್ಜಿಗಳ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೇಲ್ಗಡೆ ಅಚ್ಚಾದ ನಾಲ್ಕಾರು ಸಾಲು. ಕೆಳಗೆ ಎರಡು ಕಂಬ ಸಾಲುಗಳು. ಒಂದರಲ್ಲಿ ಮತದಾರರಾದ ಗಂಡಸರು, ಇನ್ನೊಂದರಲ್ಲಿ ಹೆಂಗಸರು. ಒಂದು ಹಾಳೆ ತುಂಬಿದರೆ ಇನ್ನೊಂದನ್ನು ಅಂಟಿಸಬೇಕು. ಹಾಗೆ ಉದ್ದವಾದ ಕಾಗದವನ್ನು ಸುತ್ತಿ ವಾಷಿಂಗ್ಟನ್ನಿಗೆ ರವಾನಿಸಬೇಕು. ಎಷ್ಟೋ ಊರುಗಳ ಅರ್ಜಿಗಳಲ್ಲಿ ಹೆಂಗಸರ ಕಂಬವೇ ಉದ್ದ. ಮನೆಮನೆಗೆ ಹೋಗಿ ಬಾಗಿಲು ತಟ್ಟಿದವರೂ ಅವರೇ. ಬೈಸಿಕೊಂಡರು, ಬಾಗಿಲು ಮುಖಕ್ಕೆ ಬಡಿದುಕೊಂಡಿತು, ಸಹಿ ಹಾಕಲು ಗಂಡನನ್ನು ಕೇಳಬೇಕು ಎಂದವರನ್ನು ಮತ್ತೆ ಹೋಗಿ ಕಂಡರು. ಬಾಸ್ಟನ್, ಫಿಲಡೆಲ್ಫಿಯಾಗಳ ಮಹಿಳಾ ಸಂಘಗಳಲ್ಲಿ ಬಿಳಿಯರೂ ಕಪ್ಪು ಹೆಂಗಸರೂ ಒಟ್ಟಿಗೆ ಕೆಲಸ ಮಾಡಿದರು. ಮತದ ಹಕ್ಕಿಲ್ಲದವರಿಗೆ ಸರ್ಕಾರದೊಡನೆ ಮಾತಾಡಲು ಇದ್ದ ಒಂದೇ ಸಾಧನ ಈ ಅರ್ಜಿ. ಸಂವಿಧಾನದ 1791ರ ಮೊದಲ ತಿದ್ದುಪಡಿ ಅದನ್ನು ಹಕ್ಕಾಗಿ ಬರೆದುಕೊಟ್ಟಿತ್ತು. 1837–38ರ ಒಂದೇ ಅವಧಿಯಲ್ಲಿ, ರಾಜಧಾನಿಯ ಗುಲಾಮಗಿರಿ ತೆಗೆಯಿರಿ ಎಂದು ರಾಶಿರಾಶಿ ಅರ್ಜಿಗಳು ಬಂದವು.

ಅಷ್ಟು ಹೊತ್ತಿಗೆ ಸಭೆ ಬಾಗಿಲು ಹಾಕಿಕೊಂಡಾಗಿತ್ತು. ದಕ್ಷಿಣ ಕೆರೊಲಿನಾದ ಜೇಮ್ಸ್ ಹ್ಯಾಮಂಡ್ 1835ರ ಡಿಸೆಂಬರ್‌ನಲ್ಲೇ, ಇಂಥ ಅರ್ಜಿಗಳನ್ನು ಒಳಗೆ ಬಿಟ್ಟುಕೊಳ್ಳಬಾರದು ಎಂದು ಪಟ್ಟು ಹಿಡಿದಿದ್ದರು. 1836ರ ಮೇ 26ರಂದು, ಅದೇ ರಾಜ್ಯದ ಹೆನ್ರಿ ಪಿಂಕ್ನಿ ಸಮಿತಿಯ ನಿರ್ಣಯ 117ಕ್ಕೆ 68 ಮತಗಳಿಂದ ಅಂಗೀಕಾರವಾಯಿತು. ಗುಲಾಮಗಿರಿಗೆ ಯಾವುದೇ ರೀತಿಯಲ್ಲಿ ಸಂಬಂಧಿಸಿದ ಅರ್ಜಿ ಬಂದರೂ ಅದನ್ನು ಓದದೆ, ಅಚ್ಚು ಹಾಕಿಸದೆ, ಚರ್ಚಿಸದೆ ಬದಿಗಿಡಬೇಕು. ಜನ ಇದನ್ನು ಬಾಯಿಬೀಗದ ನಿಯಮ ಎಂದರು. ಹೆಸರು ಕರೆದು ಮತ ಕೇಳುವಾಗ ಮ್ಯಾಸಚೂಸೆಟ್ಸ್‌ನ ಜಾನ್ ಕ್ವಿನ್ಸಿ ಆಡಮ್ಸ್ ಹೌದು, ಇಲ್ಲ ಎನ್ನಲಿಲ್ಲ. ಇದು ಸಂವಿಧಾನಕ್ಕೂ ಈ ಸಭೆಯ ನಿಯಮಗಳಿಗೂ ನನ್ನನ್ನು ಆರಿಸಿದವರ ಹಕ್ಕಿಗೂ ನೇರ ವಿರುದ್ಧ ಎಂದು ಕೂಗಿ ಹೇಳಿದರು.

ಆಡಮ್ಸ್ ದೇಶದ ಆರನೇ ಅಧ್ಯಕ್ಷರಾಗಿದ್ದವರು. 1828ರಲ್ಲಿ ಸೋತ ಮೇಲೆ ಪ್ರತಿನಿಧಿ ಸಭೆಗೆ ಸಾಮಾನ್ಯ ಸದಸ್ಯರಾಗಿ ಬಂದು ಕೂತಿದ್ದರು. ಅವರನ್ನು ಗುಲಾಮಗಿರಿ ವಿರೋಧಿ ಚಳವಳಿಯ ನಾಯಕ ಎಂದರೆ ತಪ್ಪಾಗುತ್ತದೆ. 1831ರಲ್ಲಿ ಪೆನ್ಸಿಲ್ವೇನಿಯಾದ ಕ್ವೇಕರರ 15 ಅರ್ಜಿಗಳನ್ನು ಮಂಡಿಸುವಾಗಲೇ, ಇವರ ಬೇಡಿಕೆಗೆ ನನ್ನ ಬೆಂಬಲವಿಲ್ಲ ಎಂದು ಹೇಳಿದ್ದರು. ಅವರನ್ನು ಮುಂದಕ್ಕೆ ನೂಕಿದ್ದು ಬಾಯಿಬೀಗವೇ. ಅರ್ಜಿಗಳು ನಾಡಿನ ಮೂಲೆಮೂಲೆಯಿಂದ ಅವರ ಹೆಸರಿಗೆ ಬರತೊಡಗಿದವು. ಎಪ್ಪತ್ತರ ಹತ್ತಿರದ ಮುದುಕರು, ಧ್ವನಿ ನಡುಗುತ್ತಿತ್ತು. ಆದರೂ ಒಂದೊಂದನ್ನೇ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು. ಸ್ಪೀಕರ್ ತಡೆದರೆ ಇನ್ನೊಂದು ದಾರಿಯಿಂದ ಬರುತ್ತಿದ್ದರು.

1837ರ ಫೆಬ್ರವರಿ 6ರ ಸೋಮವಾರ ಅವರು ಸ್ಪೀಕರ್ ಜೇಮ್ಸ್ ಪೋಕ್ ಅವರನ್ನು ಒಂದು ಪ್ರಶ್ನೆ ಕೇಳಿದರು. ತಮ್ಮ ಬಳಿ 22 ಜನ ಗುಲಾಮರದ್ದು ಎನ್ನಲಾದ ಒಂದು ಅರ್ಜಿ ಇದೆ, ಅದು ಸಭೆಯ ನಿಯಮದಡಿ ಬರುತ್ತದೆಯೇ? ಸಭೆ ಕೊತಕೊತ ಕುದಿಯಿತು. ಆಡಮ್ಸ್ ಅವರನ್ನು ಖಂಡಿಸಬೇಕು ಎಂದು ಒಬ್ಬರು, ಕಾಗದವನ್ನು ಸುಟ್ಟುಹಾಕಬೇಕು ಎಂದು ಮತ್ತೊಬ್ಬರು. ಗದ್ದಲ ಸಾಕಷ್ಟು ಬೆಳೆದ ಮೇಲೆ ಆಡಮ್ಸ್ ಇನ್ನೊಂದು ಮಾತು ಹೇಳಿದರು. ಅದನ್ನು ಮಂಡಿಸುತ್ತೇನೆ ಎಂದು ತಾವು ಹೇಳಿಯೇ ಇಲ್ಲ. ಅಲ್ಲದೆ ಅರ್ಜಿಯಲ್ಲಿ ಕೇಳಿರುವುದು ಗುಲಾಮಗಿರಿಯ ನಿರ್ಮೂಲನೆಯನ್ನಲ್ಲ, ಅದಕ್ಕೆ ತೀರಾ ವಿರುದ್ಧವಾದದ್ದನ್ನು. ಗುಲಾಮರ ಪರವಾಗಿ ಎದ್ದ ಕಾಗದವೆಂದು ಸುಡಲು ಹೊರಟವರು ಅದರಲ್ಲಿ ಏನಿದೆ ಎಂದು ಕೇಳಿರಲೇ ಇಲ್ಲ. ಅದೇ ದಿನಗಳಲ್ಲಿ ವರ್ಜೀನಿಯಾದ ಒಂಬತ್ತು ಹೆಂಗಸರ ಅರ್ಜಿಯನ್ನು, ಅವರು ನಡತೆಗೆಟ್ಟವರು ಎಂದು ಒಬ್ಬ ಸದಸ್ಯರು ತಳ್ಳಿಹಾಕಲು ನೋಡಿದಾಗ, ಅರ್ಜಿ ಹಾಕುವ ಹಕ್ಕು ನಡತೆ ನೋಡಿ ಕೊಡುವುದೇ ಎಂದು ಆಡಮ್ಸ್ ತಿರುಗಿಸಿ ಕೇಳಿದರು. ಬೇಡುವ ಹಕ್ಕಿಗೆ ಇದಕ್ಕಿಂತ ಸ್ಪಷ್ಟವಾದ ಸಮರ್ಥನೆಯನ್ನು ನಾವಂತೂ ಓದಿಲ್ಲ.

ಆ ಗದ್ದಲದ ಕೊನೆಗೆ ಸಭೆ ಒಂದು ನಿರ್ಣಯ ಮಾಡಿತು. ಸಂವಿಧಾನ ಜನರಿಗೆ ಕೊಟ್ಟಿರುವ ಅರ್ಜಿಯ ಹಕ್ಕು ಗುಲಾಮರಿಗೆ ಇಲ್ಲ. ಪರವಾಗಿ 162, ವಿರುದ್ಧ 18. ಉತ್ತರದ ರಾಜ್ಯಗಳ ಸದಸ್ಯರು ಸಾಲುಸಾಲಾಗಿ ಇದಕ್ಕೆ ಕೈಯೆತ್ತದೆ ಇಷ್ಟು ಮತಗಳು ಬೀಳುತ್ತಿರಲಿಲ್ಲ. ಐವರಲ್ಲಿ ಮೂವರನ್ನು ಎಣಿಸಿಕೊಂಡು ಸ್ಥಾನ ಪಡೆದ ಸಭೆ, ಹಾಗೆ ಎಣಿಸಲ್ಪಟ್ಟವರಿಗೆ ತನ್ನ ಮುಂದೆ ಬಾಯಿ ಬಿಡುವ ಹಕ್ಕೂ ಇಲ್ಲ ಎಂದಿತು. ಆ ಕಾಲದ ರಾಜಕೀಯವನ್ನು ಅರಿಯಲು ಈ ಒಂದು ಮತದಾನ ಸಾಕು.

ಹೊರಗೆ ಬೀಗ ಕೆಲಸ ಮಾಡಲಿಲ್ಲ, ಬೆಂಕಿ ಹೊತ್ತಿತು. 1837ರ ನವೆಂಬರ್‌ನಲ್ಲಿ ಇಲಿನಾಯ್‌ನ ಆಲ್ಟನ್‌ನಲ್ಲಿ ಪತ್ರಕರ್ತ ಎಲೈಜಾ ಲವ್‌ಜಾಯ್ ತಮ್ಮ ಅಚ್ಚಿನ ಯಂತ್ರವನ್ನು ಕಾಯುತ್ತಾ ಗುಂಡಿಗೆ ಬಲಿಯಾದರು. 1838ರ ಫೆಬ್ರವರಿಯಲ್ಲಿ ಆಂಜಲೀನಾ ಗ್ರಿಮ್ಕೆ ಸಾವಿರಾರು ಹೆಂಗಸರ ಸಹಿಗಳೊಂದಿಗೆ ಮ್ಯಾಸಚೂಸೆಟ್ಸ್ ಶಾಸನ ಸಭೆಯ ಸಮಿತಿಯ ಮುಂದೆ ನಿಂತು ಮಾತಾಡಿದರು. ಅಮೆರಿಕದಲ್ಲಿ ಶಾಸನ ಸಭೆಯೊಂದರ ಮುಂದೆ ಮಾತಾಡಿದ ಮೊದಲ ಹೆಂಗಸು ಎಂದು ಅವರನ್ನು ಗುರುತಿಸುತ್ತಾರೆ. ಅವರು ಹುಟ್ಟಿದ್ದು ಚಾರ್ಲ್ಸ್‌ಟನ್ನಿನ, ಗುಲಾಮರನ್ನಿಟ್ಟುಕೊಂಡಿದ್ದ ನ್ಯಾಯಾಧೀಶರ ಮನೆಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಹಾಲ್ ಬಾಗಿಲು ತೆರೆದ ನಾಲ್ಕನೇ ದಿನಕ್ಕೆ ಗುಂಪಿನ ಕೈಯಲ್ಲಿ ಸುಟ್ಟು ಬೂದಿಯಾಯಿತು. ಅಲ್ಲಿ ಬಿಳಿ ಮತ್ತು ಕಪ್ಪು ಹೆಂಗಸರು ಸಮಾವೇಶ ನಡೆಸಿದ್ದೇ ಗುಂಪಿನ ಸಿಟ್ಟಿಗೆ ಕಾರಣ. ಹೆಂಗಸರು ಅರ್ಜಿಗೆ ಸಹಿ ಹಾಕುವುದು ನಾಚಿಕೆಗೇಡು ಎಂಬ ಮಾತು ಸಂಸತ್ತಿನಲ್ಲಿ ಬಂದಾಗ ಆಡಮ್ಸ್ ಆ ಬೇಸಿಗೆಯಲ್ಲಿ ವಾರಗಟ್ಟಲೆ, ದಿನಕ್ಕಿಷ್ಟು ಹೊತ್ತಿನಂತೆ ಅದಕ್ಕೆ ಉತ್ತರ ಕೊಟ್ಟರು. ಅವರಿಗೆ ಮತದ ಹಕ್ಕಿಲ್ಲ ಎಂಬುದಾದರೂ ಅಷ್ಟು ಖಚಿತವೇ ಎಂದು ಕೇಳುವವರೆಗೆ ಹೋದರು. ಬಾಗಿಲು ತಟ್ಟಿ ಕಲಿತ ರಾಜಕೀಯವನ್ನು ಆ ಹೆಂಗಸರು ಬಿಡಲಿಲ್ಲ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಹೆಂಗಸರ ಹಕ್ಕಿನ ಸಮಾವೇಶ ಸೇರಿದಾಗ ಮುಂದೆ ನಿಂತವರಲ್ಲಿ ಲುಕ್ರೀಷಿಯಾ ಮಾಟ್ ಇದ್ದರು. ಫಿಲಡೆಲ್ಫಿಯಾದ ಮಹಿಳಾ ಗುಲಾಮಗಿರಿ ವಿರೋಧಿ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು.

1840ರಲ್ಲಿ ಸಭೆ ಬೀಗವನ್ನು ಇನ್ನಷ್ಟು ಬಿಗಿಮಾಡಿತು. ಬದಿಗಿಡುವುದೂ ಬೇಡ, ಸ್ವೀಕರಿಸುವುದೇ ಬೇಡ ಎಂಬ ನಿಯಮ 114ಕ್ಕೆ 108ರಿಂದ ದಾಟಿತು. ಅಂತರ ಆರೇ ಮತ. 1842ರಲ್ಲಿ ಆಡಮ್ಸ್ ಅವರನ್ನೇ ಖಂಡಿಸುವ ನಿರ್ಣಯ ಬಂದಾಗ, ಅವರು ಸ್ವಾತಂತ್ರ್ಯ ಘೋಷಣೆಯನ್ನು ಸಭೆಯಲ್ಲಿ ಓದಿಸಿ ತಮ್ಮ ವಾದ ಶುರುಮಾಡಿದರು. ಎರಡು ವಾರದ ನಂತರ ವಿರೋಧಿಗಳೇ ಸುಸ್ತಾಗಿ ನಿರ್ಣಯ ಮೂಲೆಗೆ ಬಿತ್ತು. ಮರುವರ್ಷದ ಫೆಬ್ರವರಿಯಲ್ಲಿ ಅವರ ಮೇಜಿನ ಮೇಲೆ ದೊಡ್ಡದೊಂದು ರಾಟೆ ಬಂದು ಕೂತಿತು. ಅದಕ್ಕೆ ಸುತ್ತಿದ್ದದ್ದು ಮ್ಯಾಸಚೂಸೆಟ್ಸ್‌ನ 50 ಸಾವಿರಕ್ಕೂ ಹೆಚ್ಚು ಜನರ ಸಹಿಯ ಒಂದೇ ಅರ್ಜಿ. ವರ್ಜೀನಿಯಾದಿಂದ ಗರ್ಭಿಣಿ ಹೆಂಡತಿಯೊಂದಿಗೆ ಬಾಸ್ಟನ್‌ಗೆ ತಪ್ಪಿಸಿಕೊಂಡು ಬಂದಿದ್ದ ಜಾರ್ಜ್ ಲ್ಯಾಟಿಮರ್ ಎಂಬವರನ್ನು ಅಲ್ಲಿ ಜೈಲಿಗೆ ಹಾಕಿದ್ದೇ ಈ ಅರ್ಜಿಗೆ ಕಾರಣ. ಸಭೆ ಅದನ್ನೂ ಸ್ವೀಕರಿಸಲಿಲ್ಲ.

ಕೊನೆಗೆ 1844ರ ಡಿಸೆಂಬರ್ 3ರಂದು ನಿಯಮ 108ಕ್ಕೆ 80 ಮತಗಳಿಂದ ಬಿದ್ದುಹೋಯಿತು. ಉತ್ತರದ ಡೆಮಾಕ್ರಾಟರು ಆಗ ದಕ್ಷಿಣದ ಜೊತೆಗಾರರ ಕೈಬಿಟ್ಟಿದ್ದರು. ಅಧ್ಯಕ್ಷ ಸ್ಥಾನದ ಉಮೇದುವಾರಿಕೆ, ಟೆಕ್ಸಸ್ ಸೇರ್ಪಡೆ ಇವುಗಳ ಸಿಟ್ಟೂ ಅದರಲ್ಲಿ ಬೆರೆತಿತ್ತು. ಚರಿತ್ರೆಕಾರರು ಈ ಗೆಲುವಿನ ಹೆಸರನ್ನು ಆಡಮ್ಸ್‌ಗೆ ಕೊಡುತ್ತಾರೆ. ಅವರು ಅದಕ್ಕೆ ಅರ್ಹರೇ. ಆದರೆ ಅವರ ಕೈಗೆ ಕಾಗದ ಕೊಟ್ಟವರಿಲ್ಲದಿದ್ದರೆ ಅವರು ಎದ್ದು ನಿಲ್ಲಲು ಕಾರಣವೇ ಇರುತ್ತಿರಲಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ಗುಲಾಮರ ಬಿಡುಗಡೆಗೆ ಓಗೊಡದ ಉತ್ತರದ ಸಾಮಾನ್ಯ ರೈತ, ವ್ಯಾಪಾರಿ, ತನ್ನ ಹೆಂಡತಿಯ ಸಹಿಯನ್ನೂ ಸಂಸತ್ತು ಕಸದಂತೆ ಕಂಡಾಗ ಎಚ್ಚರಗೊಂಡ. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು, ಕಪ್ಪು ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಒಬ್ಬ ನಾಯಕನ ಹೆಸರು ಹಾಕದೆ ಇಡೀ ಜನಕ್ಕೆ ಅರ್ಪಿಸಿದ್ದು ಸರಿಯಾಗಿಯೇ ಇದೆ.

ಬೀಗ ತೆಗೆದ ಮಾತ್ರಕ್ಕೆ ಬೇಡಿಕೆ ಈಡೇರಲಿಲ್ಲ. ರಾಜಧಾನಿಯ ಗುಲಾಮಗಿರಿ ಹೋಗಲು 1862ರ ಏಪ್ರಿಲ್ 16ರವರೆಗೆ ಕಾಯಬೇಕಾಯಿತು. ಸುಮಾರು 3 ಸಾವಿರ ಜನ ಬಿಡುಗಡೆಯಾದರು. ಪರಿಹಾರದ ಹಣ ಅವರಿಗಲ್ಲ, ಒಡೆಯರಿಗೆ. ತಲೆಗೆ ಸರಾಸರಿ 300 ಡಾಲರ್ ಮೀರದಂತೆ, ಅದೂ ಒಡೆಯರು ಅರ್ಜಿ ಹಾಕಿಕೊಂಡರೆ. ಬಿಡುಗಡೆಯಾದವರಿಗೆ ಸಿಕ್ಕ ಭರವಸೆ, ದೇಶ ಬಿಟ್ಟು ಹೋಗುವುದಾದರೆ 100 ಡಾಲರ್‌ವರೆಗೆ ಸಹಾಯ. ಕೆಲವು ಒಡೆಯರು ಅರ್ಜಿ ಹಾಕಲೇ ಇಲ್ಲ. ಆಗ ಜುಲೈ 12ರಂದು ಪೂರಕ ಕಾನೂನೊಂದು ಬಂತು. ಅದರ ಪ್ರಕಾರ, ಒಡೆಯರು ಹಾಕದಿದ್ದಲ್ಲಿ ಗುಲಾಮರಾಗಿದ್ದವರೇ ತಮ್ಮ ಬಿಡುಗಡೆಯ ಪತ್ರಕ್ಕಾಗಿ ಅರ್ಜಿ ಹಾಕಬಹುದು, ಬಣ್ಣದ ಕಾರಣಕ್ಕೆ ಯಾರ ಸಾಕ್ಷ್ಯವನ್ನೂ ತಳ್ಳಿಹಾಕುವಂತಿಲ್ಲ.